ಕಲ್ಲು ನೆಟ್ಟವರು, ಮೀನು ತಂದವರು

ನಮ್ಮ ಮೂಡಿಗೆರೆ ಕಡೆಯ ಮನೆಗಳಿಗೆ ಸಮುದ್ರ ಬರುತ್ತಿದ್ದುದು ಬುಟ್ಟಿಯಲ್ಲಿ. ಚಾರ್ಮಾಡಿ ಘಾಟಿ ಹತ್ತಿದ ಬಂಗುಡೆ, ಬೂತಾಯಿಗಳು ಕೊಟ್ಟಿಗೆಹಾರದ ದಾರಿಯಾಗಿ ಊರೂರು ಸೇರುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಒಣಮೀನಿನ ಹೆಂಗಸೊಬ್ಬಳು ನಮ್ಮ ಅಂಗಳದಲ್ಲಿ ಬುಟ್ಟಿ ಇಳಿಸುತ್ತಿದ್ದಳು. ಅವ್ವ ಚೌಕಾಸಿ ಮಾಡಿ ಕೊಂಡು ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿಡುತ್ತಿದ್ದಳು. ಹಳ್ಳ ಉಕ್ಕಿ ಪೇಟೆಯ ದಾರಿ ಕಟ್ಟಿದಾಗ ಅದೇ ಆಧಾರ. ಬಿಸಿ ಕಡುಬು, ಒಣಸೀಗಡಿ ಚಟ್ನಿ. ಅವ್ವ ಮೂವರು ಮಕ್ಕಳ ತಟ್ಟೆಗೂ ಎಣಿಸಿ ಸಮನಾಗಿ ಬಡಿಸುತ್ತಿದ್ದಳು. ಗಂಡು ಹೆಣ್ಣೆಂಬ ಭೇದ ಆ ತಟ್ಟೆಗಳಲ್ಲಿರಲಿಲ್ಲ.

ಭೇದ ಕಂಡದ್ದು 2003ರಲ್ಲಿ, ಕಾಫಿ ತೋಟ ಹಿಸ್ಸೆಯಾದಾಗ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕರ್ನಾಟಕದ ಕಾನೂನು 1994ರ ಜುಲೈ 30ರಂದು ಜಾರಿಗೆ ಬಂದಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ನನ್ನ ಮದುವೆ 1991ರಲ್ಲಿ, ತಂಗಿಯದು 1998ರಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳಿಗೆ ಹಕ್ಕು, ಇನ್ನೊಬ್ಬಳಿಗೆ ಇಲ್ಲ! ಕೇಂದ್ರದ ತಿದ್ದುಪಡಿ ಬಂದು ಈ ತಾರತಮ್ಯ ಹೋದದ್ದು 2005ರಲ್ಲಿ. ತಂಗಿ ತನ್ನ ಪಾಲು ಕೇಳಿದಳು. "ತವರು ಬೇಕೋ ತೋಟ ಬೇಕೋ, ಒಂದು ಹೇಳು" ಎಂದ ತಮ್ಮ. ಕೊನೆಗೆ ಅಂಚಿನ ಒಂದು ಎಕರೆ ಅವಳಿಗೆಂದಾಯಿತು. ನಡುವೆ ಕಲ್ಲು ನೆಟ್ಟರು. ಶಾಲೆಯಲ್ಲಿ ಸಮಾನತೆಯ ಪಾಠ ಹೇಳುವ ನಾನು ಅಂದು ತಂಗಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ಆಮೇಲೆ ಅವರಿಬ್ಬರೂ ಮಾತು ಬಿಟ್ಟರು.

ಜೀವಮಾನವೆಲ್ಲ ಸಮುದ್ರದ ಮೀನು ತಿಂದ ಅವ್ವ ಸಮುದ್ರ ನೋಡದೆಯೇ ತೀರಿಕೊಂಡಳು. ವರ್ಷದ ಕಾರ್ಯ ಮುಗಿದ ಸಂಜೆ ತಮ್ಮನೇ ಬಾಯಿಬಿಟ್ಟ: "ಅಕ್ಕ, ಅವ್ವನ್ನಂತೂ ಕರ್ಕೊಂಡು ಹೋಗ್ಲಿಲ್ಲ. ನಾವು ಮೂರು ಜನವಾದ್ರೂ ಹೋಗ್ ಬರೋಣ. ಅವಳಿಗೂ ನೀನೇ ಹೇಳು." ಹೇಳಿದೆ. ತಂಗಿ ಬಹಳ ಹೊತ್ತು ಸುಮ್ಮನಿದ್ದು, "ಆಯ್ತು" ಎಂದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದೆವು. ತೋನ್ಸೆಪಾರ್ ಎಂಬುದು ಇದರ ಸ್ಥಳೀಯ ಹೆಸರು. ತೆಂಗಿನ ಮರಗಳ ಕೆಳಗೆ ಯಾರೋ ಕಡೆದು ಜೋಡಿಸಿದಂತೆ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಒಂದೇ ನೆಲವಾಗಿದ್ದವು. ಅವು ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತ ಬಿರಿದು ಹೀಗೆ ಕಂಬಗಳಾಯಿತಂತೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ನಾನು ವಿವರಿಸುತ್ತಿದ್ದರೆ ತಂಗಿ, "ಹಾಗಾದ್ರೆ ಇದೂ ಹಿಸ್ಸೆ ಕಲ್ಲೇ" ಎಂದಳು. ತಮ್ಮ ಬೇರೆ ಕಡೆ ನೋಡಿದ.

ಈ ದ್ವೀಪದ ಜೊತೆ ವಾಸ್ಕೋ ಡ ಗಾಮನ ಹೆಸರೂ ಸೇರಿದೆ. ಕಲ್ಲಿಕೋಟೆಗೆ ಹೋಗುವ ಮುನ್ನ ಅವನು ಇಲ್ಲಿಳಿದನೆಂದು ಎಲ್ಲರೂ ಹೇಳುತ್ತಾರೆ. ನಾನೂ ಮಕ್ಕಳಿಗೆ ಹಾಗೆಯೇ ಹೇಳಿದ್ದೆ. ಆ ಯಾನದಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯ ಪ್ರಕಾರ ಅದು ತಪ್ಪು. ಗಾಮ ಕಲ್ಲಿಕೋಟೆಯ ಸಾಮೂದಿರಿಯೊಡನೆ ಮನಸ್ತಾಪ ಮಾಡಿಕೊಂಡು 1498ರ ಆಗಸ್ಟ್ ಕೊನೆಯಲ್ಲಿ ಹೊರಟ. ಹಿಂತಿರುಗುವ ಆ ದಾರಿಯಲ್ಲಿ, ಸೆಪ್ಟೆಂಬರ್ 15ರಂದು, ಕರಾವಳಿಯ ಕಿರುದ್ವೀಪಗಳಲ್ಲೊಂದರ ಮೇಲೆ ಕಂಬ ನಿಲ್ಲಿಸಿ ಸಾಂತಾ ಮರಿಯಾ ಎಂದು ಹೆಸರಿಟ್ಟ. ಆ ದ್ವೀಪ ಇದೇ ಎಂದು ಗುರುತಿಸುತ್ತಾರೆ. ತಾವು ಮುಟ್ಟಿದ ನೆಲದಲ್ಲಿ ಇಂಥ ಕಲ್ಲು ನೆಟ್ಟು ಬರುವುದು ಪೋರ್ಚುಗೀಸರ ಪದ್ಧತಿ. ಗಾಮನ ಕೈಗೆ ದೊರೆ ಮೂರು ಕೊಟ್ಟಿದ್ದ.

ಆದರೆ ಆ ದಿನಚರಿಯಲ್ಲಿ ನನ್ನ ಮನಸ್ಸು ನಿಂತದ್ದು ಕಲ್ಲಿನ ಮೇಲಲ್ಲ, ಮೀನಿನ ಮೇಲೆ. ಅಂದು ಈ ಕಡೆಯ ದೋಣಿಗಳು ಹಡಗಿನ ಬಳಿಗೆ ಮೀನು ತಂದವಂತೆ. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟು, ಕಲ್ಲು ನೆಡಬಹುದೇ ಎಂದು ಕೇಳಿದನಂತೆ. ಅವರು ಸಂತೋಷದಿಂದ ಒಪ್ಪಿದರೆಂದು ಬರೆದಿದೆ. ಒಬ್ಬರ ಭಾಷೆ ಒಬ್ಬರಿಗೆ ಎಷ್ಟು ತಿಳಿಯಿತೋ! ಕಲ್ಲು ನೆಟ್ಟವನ ಹೆಸರು ಪಠ್ಯಪುಸ್ತಕದಲ್ಲಿ ಉಳಿಯಿತು. ಮೀನು ತಂದವರದು ಉಳಿಯಲಿಲ್ಲ. ಇಂದು ಆ ಕಂಬ ಇಲ್ಲಿಲ್ಲ. ಮೀನಿನ ದೋಣಿಗಳು ಮಾತ್ರ ದಿನವೂ ಮಲ್ಪೆಗೆ ಬರುತ್ತಿವೆ.

ನಮ್ಮ ಕಾಫಿಯ ಕಥೆಯೂ ಹಾಗೆಯೇ. ಏಳು ಬೀಜ ತಂದ ಬಾಬಾಬುಡನ್ ಅವರ ಐತಿಹ್ಯ ಎಲ್ಲರಿಗೂ ಗೊತ್ತು. ಘಾಟಿ ಇಳಿದ ಕಾಫಿಯನ್ನು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕುಳಿತು ಕಾಳುಕಾಳಾಗಿ ಆರಿಸಿದ ಹೆಂಗಸರ ಹೆಸರು ಯಾರಿಗೆ ಗೊತ್ತು? ಅಂಗಳಕ್ಕೆ ಬರುತ್ತಿದ್ದ ಒಣಮೀನಿನವಳ ಹೆಸರೇನೆಂದು ಒಡಹುಟ್ಟಿದವರನ್ನು ಕೇಳಿದೆ. ಮೂವರಿಗೂ ತಿಳಿಯದು. "ಮೀನಿನವಳು" ಎಂದಷ್ಟೇ ಕರೆದಿದ್ದೆವು.

ಮಲ್ಪೆಯಲ್ಲಿ ಕಾಣೆ ಮೀನಿನ ಫ್ರೈ, ನೀರುದೋಸೆ, ಮರ್ವಾಯಿ ಸುಕ್ಕ ಉಂಡು ಮುರುಡೇಶ್ವರಕ್ಕೆ ಹೋದೆವು. ಮಾರನೆಯ ದಿನ ನೇತ್ರಾಣಿ. ದೋಣಿಯಲ್ಲಿ ಒಂದೂವರೆ ಗಂಟೆ. ಅಲ್ಲಿ ಕಣ್ಣಿಗೆ ದೊಡ್ಡ ಕನ್ನಡಕ, ಬಾಯಿಗೆ ಕೊಳವೆ, ಮೈಗೆ ತೇಲುವ ಜಾಕೆಟ್ಟು ಕಟ್ಟಿ ನೀರಿಗಿಳಿಸುತ್ತಾರೆ. ಸ್ನಾರ್ಕೆಲಿಂಗ್ ಎಂದರೆ ಇದೇ. ಐವತ್ತು ದಾಟಿದ ನನಗೇಕೆ ಇದೆಲ್ಲ ಎಂದುಕೊಂಡರೂ ಇಳಿದೆ. ಮುಖ ಮುಳುಗಿಸಿದರೆ ಬಂಡೆಯ ಸಂದಿಯಲ್ಲಿ ಹಳದಿ, ನೀಲಿ ಮೀನುಗಳ ಹಿಂಡು. ಅದುವರೆಗೆ ನಾನು ಕಂಡ ಸಮುದ್ರದ ಮೀನೆಲ್ಲ ಸತ್ತದ್ದೇ. ತಂಗಿ ಹೆದರಿ ಕೈಕಾಲು ಬಡಿಯತೊಡಗಿದಳು. ಹತ್ತಿರವಿದ್ದ ತಮ್ಮ ಅವಳ ಕೈ ಹಿಡಿದ. ಚಿಕ್ಕಂದಿನಲ್ಲಿ ಹೇಮಾವತಿ ದಾಟುವಾಗ ಹಿಡಿಯುತ್ತಿದ್ದಂತೆಯೇ ಹಿಡಿದು, ದೋಣಿ ಹತ್ತುವವರೆಗೂ ಬಿಡಲಿಲ್ಲ.

ದೋಣಿಯಲ್ಲಿ ನಾನು ತಂಗಿಗೆ, "ಅವತ್ತು ನಾನು ನಿನ್ನ ಪರ ಮಾತಾಡಬೇಕಿತ್ತು ಕಣೇ" ಎಂದೆ. ಇಷ್ಟು ಹೇಳಲು ನನಗೆ ಇಪ್ಪತ್ತು ವರ್ಷ ಮೀರಿ ಬೇಕಾಯಿತು. ಅವಳು, "ಹೌದು, ಮಾತಾಡಬೇಕಿತ್ತು" ಎಂದಳು. ಅಷ್ಟೇ. ಇರಲಿ ಬಿಡು ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ತೋಟದ ಕಲ್ಲು ಇಂದಿಗೂ ಅಲ್ಲೇ ಇದೆ. ಒಂದು ಪ್ರವಾಸದಿಂದ ಕಲ್ಲು ಕಿತ್ತುಹೋಗುವುದಿಲ್ಲ.

ಹಿಂತಿರುಗುವಾಗ ಮಲ್ಪೆಯಲ್ಲಿ ಒಣಸೀಗಡಿ ಕೊಂಡೆವು. ತಂಗಿ ಕಾರಿನಲ್ಲೇ ಅದನ್ನು ಮೂರು ಪೊಟ್ಟಣ ಮಾಡಿ, ಕೈಯಲ್ಲೇ ತೂಗಿ ನೋಡಿ ಸಮಮಾಡಿದಳು. ಮಾರಿದಾಕೆಯ ಹೆಸರು ಕೇಳಿದ್ದೆ. ನಕ್ಕು ಹೇಳಿದ್ದಳು. ಮನೆಗೆ ಬಂದವಳೇ ಡೈರಿಯಲ್ಲಿ ಬರೆದಿಟ್ಟೆ.