ಸಿಹಿ ದ್ರಾಕ್ಷಾರಸದೊಳಗಿನ ಸೀಸ

1690ರ ದಶಕದಲ್ಲಿ ಜರ್ಮನಿಯ ಉಲ್ಮ್ ನಗರದ ಸನ್ಯಾಸಿಮಠಗಳಲ್ಲಿ ಭೀಕರ ಹೊಟ್ಟೆಶೂಲೆ ಕಾಣಿಸಿಕೊಂಡಿತು. ದ್ರಾಕ್ಷಾರಸ ಸೇವಿಸದ ಸನ್ಯಾಸಿಗಳು ಮಾತ್ರ ಸ್ವಸ್ಥರಾಗಿದ್ದುದನ್ನು ನಗರವೈದ್ಯ ಎಬರ್‌ಹಾರ್ಡ್ ಗೊಕೆಲ್ ಗಮನಿಸಿದರು. ಹುಳಿಯಾದ ದ್ರಾಕ್ಷಾರಸವನ್ನು ಸಿಹಿಗೊಳಿಸಲು ವರ್ತಕರು ಅದಕ್ಕೆ ಸೀಸದ ಭಸ್ಮವನ್ನು ಬೆರೆಸುತ್ತಿದ್ದರು. ಸೀಸದ ಧೂಳಿನಿಂದ ಗಣಿಗಾರರಿಗೂ ಇಂಥದ್ದೇ ಬೇನೆ ಬರುವುದೆಂದು 1656ರಲ್ಲಿಯೇ ವೈದ್ಯ ಸ್ಟಾಕ್‌ಹೌಸೆನ್ ಬರೆದಿದ್ದರು. 1696ರಲ್ಲಿ ವ್ಯುರ್ಟೆಂಬರ್ಗಿನ ಡ್ಯೂಕ್ ಈ ಬೆರಕೆಯನ್ನು ಮರಣದಂಡನೆಗೆ ಅರ್ಹವಾದ ಅಪರಾಧವೆಂದು ಸಾರಿದರು.

ದೇಹವನ್ನು ಸೇರಿದ ಸೀಸವು ಮೂಳೆಗಳಲ್ಲಿ ದಶಕಗಳ ಕಾಲ ಉಳಿಯುತ್ತದೆ. ಅದರ ಸಿಹಿಯನ್ನು ನಾಲಿಗೆಯು ಮರೆತರೂ ಶರೀರವು ಮರೆಯದು. ರೋಗಿಗಳನ್ನಷ್ಟೇ ಅಲ್ಲ, ರೋಗ ತಗಲದವರನ್ನೂ ವಿಚಾರಿಸಿದ್ದರಿಂದ ಗೊಕೆಲ್ ಅವರಿಗೆ ಸತ್ಯವು ದೊರೆಯಿತು. ನಮ್ಮ ಮನೆಗಳಲ್ಲಿಯೂ ಬಟ್ಟಲು ಬಾಯಿಗೆ ಮುಟ್ಟುವ ಮೊದಲು ಅದರೊಳಗೇನಿದೆಯೆಂದು ಕೇಳುವ ಧೈರ್ಯ ಇರಲಿ.