ಒಂದೇ ಸಲ ಎರಡು ಕೆಲಸ: ಮಿದುಳು ನಿಜಕ್ಕೂ ಮಾಡುತ್ತದೆಯೇ?

"ಮಲ್ಟಿಟಾಸ್ಕಿಂಗ್ ಮಾಡಿದರೆ ಐಕ್ಯೂ 10 ಅಂಕ ಇಳಿಯುತ್ತದೆ." "ಗಮನ ಒಮ್ಮೆ ಕೆಟ್ಟರೆ ಮಿದುಳು ಸರಿಹೋಗಲು 23 ನಿಮಿಷ ಬೇಕು." "ಹೆಂಗಸರಿಗೆ ಇದು ಹುಟ್ಟಿನಿಂದಲೇ ಬರುತ್ತದೆ." ಇಂಥ ಫಾರ್ವರ್ಡ್‌ಗಳು ನಿಮಗೂ ಬಂದಿರಬಹುದು. ಇವುಗಳಲ್ಲಿ ಎಷ್ಟು ನಿಜ ಎಂದು ನೋಡೋಣ. ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ.

ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಅ, ಆ, ಇ, ಈ ಎಂದು 10 ಅಕ್ಷರ ಬರೆಯಿರಿ, ಅದರ ಕೆಳಗೆ 1ರಿಂದ 10 ಬರೆಯಿರಿ. ಆಮೇಲೆ ಇವನ್ನೇ ಅ, 1, ಆ, 2 ಎಂದು ಬೆರೆಸಿ ಬರೆಯಿರಿ. ಅಕ್ಷರ ಮೇಲಿನ ಸಾಲಿಗೆ, ಅಂಕಿ ಕೆಳಗಿನ ಸಾಲಿಗೆ. ಬರೆಯುವುದು ಅಷ್ಟೇ ಆದರೂ ಹೆಚ್ಚಿನವರಿಗೆ ಎರಡನೆಯ ಸಲ ಹೆಚ್ಚು ಹೊತ್ತು ಹಿಡಿಯುತ್ತದೆ, ನಡುವೆ ತಡವರಿಸುವುದೂ ಉಂಟು.

ಮಿದುಳಿನಲ್ಲಿ ಆಗುವುದೇನು?

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆರ್ಸಿಲ್ಡ್ 1927ರಷ್ಟು ಹಿಂದೆಯೇ ಈ ಬಗೆಯ ಪ್ರಯೋಗ ಮಾಡಿ, ಎರಡು ಬಗೆಯ ಲೆಕ್ಕವನ್ನು ಬೆರೆಸಿ ಕೊಟ್ಟರೆ ಜನ ನಿಧಾನವಾಗುತ್ತಾರೆ ಎಂದು ತೋರಿಸಿದ್ದರು. ಯೋಚನೆ ಬೇಡುವ ಎರಡು ಕೆಲಸಗಳನ್ನು ನಾವು ಒಟ್ಟಿಗೆ ಮಾಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತೇವೆ. ಪ್ರತಿ ಸಲವೂ ಮಿದುಳು ಹಳೆಯ ಗುರಿಯನ್ನು ಬದಿಗಿಟ್ಟು, ಹೊಸ ಕೆಲಸದ ನಿಯಮಗಳನ್ನು ನೆನಪಿಗೆ ತಂದುಕೊಳ್ಳಬೇಕು. ಕೆಲಸ ಜಟಿಲವಾದಷ್ಟೂ ಇದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ ಎಂದು 2001ರಲ್ಲಿ ರೂಬಿನ್‌ಸ್ಟೈನ್, ಮೆಯರ್ ಮತ್ತು ಎವಾನ್ಸ್ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಸಾಲದ್ದಕ್ಕೆ, ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲೇ ಸುತ್ತುತ್ತಿರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಗಮನದ ಶೇಷ ಎಂಬ ಅರ್ಥದ ಹೆಸರಿನಿಂದ ಕರೆದರು.

ಹಾಗಾದರೆ ರೇಡಿಯೊ ಕೇಳುತ್ತಾ ಚಪಾತಿ ಲಟ್ಟಿಸುವುದು? ಅದಕ್ಕೆ ತೊಂದರೆಯಿಲ್ಲ. ಲಟ್ಟಿಸುವುದು ಕೈಗೆ ಅಭ್ಯಾಸವಾಗಿದೆ, ಯೋಚನೆ ಬೇಡ. ಮೀಟಿಂಗ್‌ನಲ್ಲಿ ಕೂತು ಇಮೇಲ್‌ಗೆ ಉತ್ತರ ಬರೆಯುವುದು ಹಾಗಲ್ಲ. ಎರಡಕ್ಕೂ ಮಾತು ಬೇಕು, ಅರ್ಥ ಬೇಕು.

ನಷ್ಟ ಸಮಯದ್ದಷ್ಟೇ ಅಲ್ಲ

ಆಸ್ಟ್ರೇಲಿಯಾದ ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳು ಔಷಧಿ ಕೊಡುವುದನ್ನು ಸಂಶೋಧಕರು ಪಕ್ಕದಲ್ಲೇ ನಿಂತು ಗಮನಿಸಿದರು. 2010ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 4,271 ಸಲ ಔಷಧಿ ಕೊಟ್ಟ ದಾಖಲೆ ಇದೆ. ನಡುವೆ ಯಾರಾದರೂ ಒಮ್ಮೆ ಅಡ್ಡಿಪಡಿಸಿದರೆ, ಪ್ರಮಾಣ ಅಥವಾ ಔಷಧಿಯೇ ತಪ್ಪುವಂಥ ದೋಷಗಳು ಶೇ 12.7ರಷ್ಟು ಹೆಚ್ಚಿದ್ದವು. ಅಡ್ಡಿ ಹೆಚ್ಚಿದಂತೆ ತಪ್ಪೂ ಹೆಚ್ಚು. "ಸಿಸ್ಟರ್, ಒಂದೇ ನಿಮಿಷ" ಎಂದು ಕರೆಯುವ ಮುನ್ನ ಅವರ ಕೈಯಲ್ಲಿ ಸಿರಿಂಜ್ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಫಾರ್ವರ್ಡ್‌ಗಳ ಕಥೆ

ಐಕ್ಯೂ ಮಾತಿನ ಮೂಲ 2005ರಲ್ಲಿ ಲಂಡನ್ನಿನಲ್ಲಿ ಒಂದು ಕಂಪ್ಯೂಟರ್ ಕಂಪನಿಗಾಗಿ ನಡೆದ ಪುಟ್ಟ ಪ್ರಯೋಗ. ಅದರಲ್ಲಿ ಇದ್ದವರು ಬರೀ 8 ಮಂದಿ. ಫೋನ್ ರಿಂಗಾಗುತ್ತಿದ್ದಾಗ ಪರೀಕ್ಷೆ ಸರಿಯಾಗಿ ಬರೆಯಲಾಗಲಿಲ್ಲ, ಅಷ್ಟೇ. ಬುದ್ಧಿ ಶಾಶ್ವತವಾಗಿ ಕಮ್ಮಿಯಾಗುತ್ತದೆ ಎಂದು ಅದು ಹೇಳುವುದೇ ಇಲ್ಲ.

23 ನಿಮಿಷದ ಲೆಕ್ಕ ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಅವರದು. ಕಚೇರಿಯಲ್ಲಿ ಅಡ್ಡಿಯಾದ ಮೇಲೆ ಜನ ಬೇರೆ ಕೆಲಸಗಳನ್ನೂ ಮಾಡಿ, ಮೊದಲಿನದಕ್ಕೆ ಮರಳಲು ಹಿಡಿದ ಸರಾಸರಿ ಸಮಯ ಅದು. ಮಿದುಳು "ರಿಪೇರಿ"ಯಾಗುವ ಸಮಯವಲ್ಲ.

ಹೆಂಗಸರ ಮಾತಿಗೆ ಬಂದರೆ, 2019ರಲ್ಲಿ ಜರ್ಮನಿಯ ಸಂಶೋಧಕರು 48 ಗಂಡಸರು, 48 ಹೆಂಗಸರನ್ನು ಪರೀಕ್ಷಿಸಿದರು. ಇಬ್ಬರೂ ಒಂದೇ ಥರ ಎಡವಿದರು. ಅಡುಗೆ, ಮಗುವಿನ ಹೋಮ್‌ವರ್ಕ್, ಆಫೀಸ್ ಕಾಲ್ ಮೂರನ್ನೂ ಒಬ್ಬಳ ತಲೆಗೇ ಕಟ್ಟಲು ಈ ಹೊಗಳಿಕೆ ಅನುಕೂಲ ಎಂಬುದು ನಮ್ಮ ಗುಮಾನಿ.

ಇನ್ನು "ನಮ್ಮ ಅವಧಾನಿಗಳು ಮಾಡುವುದಿಲ್ಲವೇ?" ಎಂಬ ಪ್ರಶ್ನೆ. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನವನ್ನು ಗಮನವಿಟ್ಟು ನೋಡಿ. ಪೃಚ್ಛಕರ ಸರದಿ ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತದೆ, ಪದ್ಯ ಒಂದು ಸುತ್ತಿಗೆ ಒಂದು ಪಾದದಂತೆ ಬೆಳೆಯುತ್ತದೆ. ಬಿಟ್ಟ ಜಾಗವನ್ನು ಮರೆಯದ ಆ ನೆನಪು ಅಸಾಧಾರಣ, ವರ್ಷಗಳ ಸಾಧನೆಯ ಫಲ. ಗಮನ ಕೆಡಿಸಲೆಂದೇ ಅಪ್ರಸ್ತುತ ಪ್ರಸಂಗಿಯನ್ನು ಕೂರಿಸುತ್ತಾರೆ ಎಂದರೆ, ಅಡ್ಡಿ ಎಷ್ಟು ಕಷ್ಟದ್ದು ಎಂದು ಆ ಕಲೆಗೆ ಮೊದಲೇ ಗೊತ್ತಿತ್ತು. ನಮ್ಮ ಅಪ್ರಸ್ತುತ ಪ್ರಸಂಗಿ ಜೇಬಿನಲ್ಲೇ ಇರುತ್ತಾನೆ.

ಕಡಿಮೆ ಮಾಡುವುದು ಹೇಗೆ?

ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ನಿಯಮ ಮಾಡಿಕೊಳ್ಳುವುದು ಸುಲಭ. 1974ರಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ವಿಮಾನವೊಂದು ಇಳಿಯುವಾಗ ಬಿದ್ದು 70ಕ್ಕೂ ಹೆಚ್ಚು ಜನ ಸತ್ತರು. ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ಕಾಡುಹರಟೆಯಲ್ಲಿದ್ದರು. 1981ರಿಂದ ಅಲ್ಲಿ 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಬೇಡದ ಮಾತಿಗೆ ನಿಷೇಧವಿದೆ.

ಕಚೇರಿಯಲ್ಲೂ ಇಂಥ ಒಪ್ಪಂದ ಸಾಧ್ಯ: ತುರ್ತಿದ್ದರೆ ಫೋನ್ ಮಾಡಿ, ಉಳಿದದ್ದಕ್ಕೆ ಮೆಸೇಜ್ ಸಾಕು, ಉತ್ತರ ತಡವಾದರೆ ಯಾರೂ ತಪ್ಪು ತಿಳಿಯಬಾರದು. ಮೇಲಧಿಕಾರಿಯೂ ಇದಕ್ಕೆ ಒಪ್ಪದಿದ್ದರೆ ನೌಕರರು ನೋಟಿಫಿಕೇಶನ್ ಆಫ್ ಮಾಡಿ ಪ್ರಯೋಜನವಿಲ್ಲ. ಇಮೇಲನ್ನು ದಿನಕ್ಕೆ 3 ಸಲ ಮಾತ್ರ ನೋಡಿದ ವಾರದಲ್ಲಿ ಜನರ ಒತ್ತಡ ಕಡಿಮೆಯಿತ್ತು ಎಂದು ಕೆನಡಾದ 2015ರ ಅಧ್ಯಯನವೊಂದು ಕಂಡುಕೊಂಡಿದೆ. ಎದ್ದು ಹೋಗಲೇಬೇಕಾದರೆ, ಎಲ್ಲಿಗೆ ನಿಲ್ಲಿಸಿದಿರಿ, ಮುಂದೆ ಏನು ಮಾಡಬೇಕು ಎಂದು ಒಂದು ಸಾಲು ಬರೆದಿಟ್ಟು ಏಳಿ. ಮರಳಿದಾಗ ಹುಡುಕಾಟ ತಪ್ಪುತ್ತದೆ. ಖಾತೆ ಸಂಖ್ಯೆ ಟೈಪ್ ಮಾಡುವಾಗ, ನೋಟು ಎಣಿಸುವಾಗ, ಮಾತ್ರೆ ಲೆಕ್ಕ ಹಾಕುವಾಗ ಫೋನ್ ಬಂದರೆ ಕೈಯಲ್ಲಿರುವುದನ್ನು ಮುಗಿಸಿ ನೀವೇ ವಾಪಸ್ ಕರೆ ಮಾಡಿ.