ಮದ್ರಾಸಿನಿಂದ ಹೆಬ್ಬೂರಿನವರೆಗೆ: ಪರೀಕ್ಷೆ ನಡೆದು ಬಂದ ದಾರಿ

ಹೆಬ್ಬೂರಿನಿಂದ ತುಮಕೂರಿನ ಬಸ್ಸು ಹತ್ತಿದರೆ ಗೂಳೂರಿಗೆ ಮುಂಚೆ ನಾಗವಲ್ಲಿ ಸಿಗುತ್ತದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಣ್ಣ ಎಂಬ ಬಾಲಕ ಓದಿದ್ದು ಈ ಊರಿನ ಶಾಲೆಯಲ್ಲಿ. 1926ರಲ್ಲಿ ಮೆಟ್ರಿಕ್ಯುಲೇಷನ್ ಪಾಸು ಮಾಡಿ, ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಭೌತಶಾಸ್ತ್ರ ಮತ್ತು ಗಣಿತ ಅವರು ಆರಿಸಿಕೊಂಡ ವಿಷಯಗಳು. ಓದು ಸಾಗಿರುವಾಗಲೇ, 1930ರ ಜನವರಿಯಲ್ಲಿ, ಸಿದ್ಧಗಂಗಾ ಮಠದ ಉತ್ತರಾಧಿಕಾರಿ ಎಂದು ಗೊತ್ತಾಗಿದ್ದ ಮರುಳಾರಾಧ್ಯರು ತೀರಿಕೊಂಡರು. ಮಠದ ಅಧ್ಯಕ್ಷರಾಗಿದ್ದ ಉದ್ದಾನ ಶಿವಯೋಗಿಗಳು ಆ ಸ್ಥಾನಕ್ಕೆ ಶಿವಣ್ಣನವರನ್ನು ಆರಿಸಿದರು. ಮಾರ್ಚ್ 3ರಂದು ವಿರಕ್ತಾಶ್ರಮ ಸ್ವೀಕಾರವೂ ಆಯಿತು. ಪದವಿ ಮಾತ್ರ ಪೂರ್ತಿಯಾಗಲಿಲ್ಲ.

ಅವರೇ ಮುಂದೆ ಶಿವಕುಮಾರ ಸ್ವಾಮೀಜಿ ಆದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವ ಹೊತ್ತಿಗೆ ಮಠದಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಉಂಡು, ಮಲಗಿ, ಓದುತ್ತಿದ್ದರು. 1965ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ತಮ್ಮ ಡಿಗ್ರಿ ಕೈಗೆ ಬರದೆ ಹೋದವರು ಬೇರೆಯವರ ಮಕ್ಕಳ ಡಿಗ್ರಿಗೆ ಅನ್ನ ಹಾಕಿದ್ದು ಈ ಸೀಮೆಯ ಚರಿತ್ರೆಯ ದೊಡ್ಡ ಸಂಗತಿ. ಹೆಬ್ಬೂರು, ಕುಣಿಗಲ್, ಗುಬ್ಬಿ ಕಡೆಯ ಕಾಲೇಜು ವಿದ್ಯಾರ್ಥಿಗಳು ಪರೀಕ್ಷೆಯ ದಿನಗಳನ್ನು ಹೇಗೆ ಕಳೆದರು ಎಂದು ತಿಳಿಯಬೇಕಾದರೆ ಪ್ರಶ್ನೆಪತ್ರಿಕೆಯ ಮಾತು ಆಮೇಲೆ ಬರಲಿ. ಮೊದಲು ಕೇಳಬೇಕಾದದ್ದು ಎಲ್ಲಿ ಉಂಡರು, ಎಲ್ಲಿ ಕೂತು ಓದಿದರು, ಪರೀಕ್ಷೆಗೆ ಎಷ್ಟು ದೂರ ಹೋದರು ಎಂಬುದನ್ನು.

ಶುರುವಿನಲ್ಲಿ ಆ ದೂರ ಮದ್ರಾಸಿನಷ್ಟಿತ್ತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅವಕ್ಕೆ ಮಾದರಿಯಾಗಿದ್ದದ್ದು ಲಂಡನ್ ವಿಶ್ವವಿದ್ಯಾಲಯ. ಪಾಠ ಹೇಳುವುದು ಕಾಲೇಜುಗಳ ಪಾಲು, ಪರೀಕ್ಷೆ ಮಾಡಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಪಾಲು. ಹೀಗಾಗಿ ಇಲ್ಲಿ ವಿಶ್ವವಿದ್ಯಾಲಯವೆಂದರೆ ಮೊದಲಿಗೆ ಪರೀಕ್ಷೆಯ ಕಚೇರಿ. ಮರುವರ್ಷ ಕಲ್ಕತ್ತದ ಮೊದಲ ಬಿ.ಎ. ಪರೀಕ್ಷೆಯಲ್ಲಿ ಬಂಕಿಮಚಂದ್ರ ಚಟರ್ಜಿ ಮತ್ತು ಜದುನಾಥ ಬೋಸ್ ಇಬ್ಬರೇ ಪದವಿ ಪಡೆದರು, ಅದೂ ಒಂದು ಪತ್ರಿಕೆಗೆ ಗ್ರೇಸ್ ಅಂಕ ಕೊಟ್ಟ ಮೇಲೆ. ಇಂದಿನ ಹುಡುಗರು ಕಾಯುವ ಗ್ರೇಸ್ ಮಾರ್ಕ್ಸಿಗೆ ಅಷ್ಟು ಹಳೆಯ ಇತಿಹಾಸವಿದೆ.

ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಸಂಸ್ಥಾನದ ಹುಡುಗರು ಬರೆದ ಎಫ್.ಎ. (ಫಸ್ಟ್ ಆರ್ಟ್ಸ್), ಬಿ.ಎ. ಪರೀಕ್ಷೆಗಳ ಹಣೆಬರಹ ತೀರ್ಮಾನವಾಗುತ್ತಿದ್ದದ್ದು ಸಮುದ್ರದ ದಡದ ಆ ನಗರದಲ್ಲಿ. ಇದೇ ಎಫ್.ಎ. ಪರೀಕ್ಷೆಯಲ್ಲಿ ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ಶ್ರೀನಿವಾಸ ರಾಮಾನುಜನ್ ಫೇಲಾದರು. ಕುಣಿಗಲ್ಲಿನಾಚೆ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರೂ ಮದ್ರಾಸಿನ ಪದವೀಧರರೇ. ಆಗ ಕನ್ನಡದ ಹುಡುಗ ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಶುರುವಾಗುವುದರ ಹಿಂದೆ ಬಿಎಂಶ್ರೀಯವರ ದುಡಿಮೆ ಇತ್ತು. 1929ರಲ್ಲಿ ಕುವೆಂಪು ಎಂ.ಎ. ಆದದ್ದು ಆ ತರಗತಿಯಿಂದಲೇ.

ಅಷ್ಟರಲ್ಲಿ ಪರೀಕ್ಷೆ ಮದ್ರಾಸು ಬಿಟ್ಟು ಹತ್ತಿರಕ್ಕೆ ಬಂದಿತ್ತು. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಆದರೂ ತುಮಕೂರು ಸೀಮೆಯ ಹಳ್ಳಿಯವನಿಗೆ ಕಾಲೇಜೆಂದರೆ ಊರು ಬಿಡುವುದೇ. ಊರು ಬಿಟ್ಟ ಮೇಲೆ ಮೊದಲು ಎದುರಾಗುವುದು ಹೊಟ್ಟೆಯ ಪ್ರಶ್ನೆ.

ಹಳೇ ಮೈಸೂರಿನಲ್ಲಿ ಇದಕ್ಕಿದ್ದ ಒಂದು ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಹುಡುಗರು ಓದು ಮುಗಿಸುತ್ತಿದ್ದರು. ಏಳೂ ಮನೆ ಸಿಕ್ಕದವನಿಗೆ ವಾರದಲ್ಲಿ ಒಂದೋ ಎರಡೋ ದಿನ ಉಪವಾಸ. ಪರೀಕ್ಷೆಯ ದಿನ ಯಾವ ಮನೆಯ ಸರದಿ, ಆ ಮನೆಯಲ್ಲಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಎಲೆ ಹಾಕುತ್ತಾರೆ ಎಂಬುದೂ ಆ ಹುಡುಗನ ತಯಾರಿಯ ಭಾಗವೇ ಆಗಿತ್ತು. ಉಣ್ಣಿಸಿದ ಗೃಹಿಣಿಯರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಒಂದು ತಲೆಮಾರಿನ ವಕೀಲರು, ಮೇಷ್ಟ್ರುಗಳು, ಅಮಲ್ದಾರರು ಅವರ ಕೈತುತ್ತಿನಿಂದ ಪಾಸಾದವರು.

ಆದರೆ ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳಲ್ಲಿ ಸಿಗುತ್ತಿದ್ದ ಅನ್ನ. ಒಕ್ಕಲು ಮಕ್ಕಳು, ಕುರಿ ಕಾಯುವವರ ಮಕ್ಕಳು, ಹೊಲಗೇರಿಯ ಮಕ್ಕಳು ನಗರದಲ್ಲಿ ಯಾರ ಮನೆಯ ಬಾಗಿಲು ತಟ್ಟಬೇಕಿತ್ತು? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ವಿದ್ಯಾರ್ಥಿನಿಲಯ. ಹಳೇ ಮೈಸೂರಿನ ಶಿಕ್ಷಣ ಚರಿತ್ರೆಯಲ್ಲಿ ಕಾಲೇಜುಗಳಷ್ಟೇ ಗೌರವದ ಜಾಗ ಹಾಸ್ಟೆಲ್‌ಗಳಿಗೂ ಸಲ್ಲಬೇಕು. ಇದರಲ್ಲಿ ಮುಂದೆ ನಿಂತವರೊಬ್ಬರು ಇದೇ ಜಿಲ್ಲೆಯ ಗುಬ್ಬಿಯವರು. ವ್ಯಾಪಾರದಲ್ಲಿ ಗಳಿಸಿದ್ದನ್ನು ಗುಬ್ಬಿ ತೋಟದಪ್ಪನವರು ಧರ್ಮಕ್ಕೆ ಕೊಟ್ಟರು. ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಯಾತ್ರಿಕರಿಗೆ ಛತ್ರ ಕಟ್ಟಿಸಿದ್ದಲ್ಲದೆ ವಿದ್ಯಾರ್ಥಿಗಳಿಗೆ ಉಚಿತ ಹಾಸ್ಟೆಲ್ ನಡೆಸಲು ದಾರಿ ಮಾಡಿದರು. ಅವರು ತೀರಿಕೊಂಡದ್ದು 1910ರಲ್ಲಿ. ದತ್ತಿ ಇನ್ನೂ ನಡೆಯುತ್ತಿದೆ.

ಊರ ಹತ್ತಿರ ಸಿದ್ಧಗಂಗೆ ಇತ್ತು. 1917ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಮುಂದೆ ತುಮಕೂರಿನ ಶಾಲೆ, ಕಾಲೇಜುಗಳಲ್ಲಿ ಓದುವವರಿಗೂ ಮಠವೇ ಮನೆಯಾಯಿತು. ನಸುಕಿನಲ್ಲೇ ಏಳುವುದು, ಸಾಮೂಹಿಕ ಪ್ರಾರ್ಥನೆ, ಸಾಲಾಗಿ ಕೂತು ಪ್ರಸಾದ, ಆಮೇಲೆ ಓದು. ಪರೀಕ್ಷೆ ಬಂತೆಂದು ಈ ದಿನಚರಿ ಬದಲಾಗುತ್ತಿರಲಿಲ್ಲ. ಬೆಟ್ಟದ ಬಂಡೆಗಳ ನೆರಳೇ ಓದುವ ಕೋಣೆ. ವಾರ್ಷಿಕ ಪರೀಕ್ಷೆಯ ಕಾಲ ಈ ಸೀಮೆಯಲ್ಲಿ ಜಾತ್ರೆಯ ಕಾಲವೂ ಹೌದು. ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಜಾತ್ರೆ, ವಸ್ತುಪ್ರದರ್ಶನ. ಅದು ಮುಗಿದು ಯುಗಾದಿಯ ಆಸುಪಾಸಿಗೆ ಎಡೆಯೂರು ಸಿದ್ಧಲಿಂಗೇಶ್ವರನ ತೇರು. ಎತ್ತಿನ ಕೊರಳಗಂಟೆ ಕಿವಿಗೆ ಬೀಳುತ್ತಿರುವಾಗ ಪುಸ್ತಕಕ್ಕೆ ಕಣ್ಣು ನೆಡುವುದು ರೈತರ ಮಕ್ಕಳಿಗೆ ಸುಲಭವಲ್ಲ.

ಎಲ್ಲರ ಓದೂ ಒಂದೇ ಓಟದಲ್ಲಿ ಮುಗಿಯಲಿಲ್ಲ. ಜಿ.ಎಸ್. ಶಿವರುದ್ರಪ್ಪನವರು ಎಸ್‌ಎಸ್‌ಎಲ್‌ಸಿ ಆದಮೇಲೆ ಬಡತನದಿಂದ ಓದು ನಿಲ್ಲಿಸಿ ಗುಬ್ಬಿ ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದರು. ಆಮೇಲೆ ಮತ್ತೆ ಓದಿಗೆ ಮರಳಿ ಮೈಸೂರಿನಲ್ಲಿ 1949ರಲ್ಲಿ ಬಿ.ಎ. ಆನರ್ಸ್, 1953ರಲ್ಲಿ ಎಂ.ಎ. ಪಡೆದರು. 2006ರಲ್ಲಿ ರಾಷ್ಟ್ರಕವಿ ಗೌರವ ಬಂತು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಎಚ್. ನರಸಿಂಹಯ್ಯನವರು 1942ರ ಚಳವಳಿಗೆ ಧುಮುಕಿ ಜೈಲು ಸೇರಿದರು. ಹೊರಬಂದ ಮೇಲೆ ಪುಸ್ತಕ ಹಿಡಿದು ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿದರು. ನಡುವೆ ಓದು ಕಡಿದುಹೋದವರನ್ನು ಕಾಲೇಜು ಮತ್ತೆ ಕರೆದುಕೊಂಡದ್ದರಿಂದಲೇ ಈ ಇಬ್ಬರು ನಾಡಿಗೆ ಸಿಕ್ಕರು.

ಸ್ವಾತಂತ್ರ್ಯ ಬಂದಮೇಲೆ ಕಾಲೇಜುಗಳು ಜಿಲ್ಲೆಗೆ ಇಳಿದವು. 1963ರಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಎಪ್ಪತ್ತರ ದಶಕದಲ್ಲಿ ತುಮಕೂರಿನ ಕಾಲೇಜುಗಳು ಮೈಸೂರನ್ನು ಬಿಟ್ಟು ಅದರ ವ್ಯಾಪ್ತಿಗೆ ಬಂದವು. 1956ರಿಂದ 1960ರವರೆಗೆ ಮೈಸೂರಿನ ಕುಲಪತಿಯಾಗಿದ್ದ ಕುವೆಂಪು ಕಾಲೇಜಿನ ಪಾಠಕ್ಕೆ ಕನ್ನಡ ಪುಸ್ತಕಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಒತ್ತು ಕೊಟ್ಟಿದ್ದರು. ಇತಿಹಾಸ, ಅರ್ಥಶಾಸ್ತ್ರದ ಪತ್ರಿಕೆಯನ್ನು ಕನ್ನಡದಲ್ಲಿ ಬರೆದು ಬಿ.ಎ. ಆದ ಹಳ್ಳಿಯವರು ಅದರ ಫಲ ಉಂಡರು.

ಆ ಕಾಲದ ಪರೀಕ್ಷಾ ಕೊಠಡಿಯಲ್ಲಿ ಕೂತವರಿಗೆ ಒಂದು ವಸ್ತು ಮರೆತಿರಲಾರದು. ಮೇಲ್ವಿಚಾರಕರು ಕೊಡುತ್ತಿದ್ದ ತುಂಡು ಬಿಳಿ ದಾರ. ಮುಖ್ಯ ಉತ್ತರಪತ್ರಿಕೆ ತುಂಬಿದ ಮೇಲೆ ಅಡಿಷನಲ್ ಶೀಟು ಕೇಳಬೇಕು. ಅದರ ಮೇಲೆ ನಂಬರು ಬರೆದು ಮೇಷ್ಟ್ರ ಸಹಿ ಹಾಕಿಸಿಕೊಳ್ಳಬೇಕು. ಕೊನೆಯ ಗಂಟೆ ಹೊಡೆಯುವಾಗ ಎಲ್ಲ ಹಾಳೆಗಳನ್ನು ಸರಿಯಾಗಿ ಜೋಡಿಸಿ, ಮೂಲೆಯ ತೂತಿಗೆ ದಾರ ಪೋಣಿಸಿ ಗಂಟು ಹಾಕಬೇಕು. ಬೆವರಿದ ಬೆರಳಿಗೆ ದಾರದ ತುದಿ ಬಿಚ್ಚಿಕೊಂಡು ತೂತಿಗೆ ಹೋಗದೆ ಹುಡುಗರು ಪರದಾಡುತ್ತಿದ್ದರು. ಫಲಿತಾಂಶ ಬರುತ್ತಿದ್ದದ್ದು ಪತ್ರಿಕೆಯಲ್ಲಿ, ಬರೀ ನಂಬರುಗಳ ಉದ್ದುದ್ದ ಸಾಲಿನಲ್ಲಿ. ಹಳ್ಳಿಗೆ ಪತ್ರಿಕೆ ಬರದಿದ್ದರೆ ಬಸ್ ನಿಲ್ದಾಣದ ಅಂಗಡಿಗೆ ಹೋಗಿ ಕಾಯಬೇಕು. ತನ್ನ ನಂಬರಿನ ಹಿಂದಿನದೂ ಇದೆ, ಮುಂದಿನದೂ ಇದೆ, ತನ್ನದಿಲ್ಲ ಎಂದು ಕಂಡವನು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ. ಹತ್ತು ಜನರ ನಡುವೆ ನಿಂತು ಅದನ್ನು ತಿಳಿಯಬೇಕಿತ್ತು.

ಓದುವ ಜಾಗದ ಕಷ್ಟವನ್ನು ಸಿದ್ದಲಿಂಗಯ್ಯನವರಷ್ಟು ಬಿಚ್ಚಿ ಬರೆದವರು ಕಡಿಮೆ. ಕುಣಿಗಲ್ಲಿನ ಪಕ್ಕದ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಈ ಕವಿ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಹತ್ತಿರದ ಸ್ಮಶಾನದಲ್ಲಿ ಕೂತು ಓದುತ್ತಿದ್ದುದನ್ನು ‘ಊರುಕೇರಿ’ಯಲ್ಲಿ ಹೇಳಿಕೊಂಡಿದ್ದಾರೆ. ಗದ್ದಲವಿಲ್ಲದ ಜಾಗ ಅವರಿಗೆ ಸಿಕ್ಕಿದ್ದು ಅಲ್ಲಿ. ದೇವರಾಜ ಅರಸರ ಕಾಲದಿಂದೀಚೆಗೆ ಹಿಂದುಳಿದ ವರ್ಗದ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಊರೂರಿಗೆ ಬಂದವು. ಇವಿಲ್ಲದಿದ್ದರೆ ಎಷ್ಟೋ ಮನೆಗಳ ಮೊದಲ ಪದವೀಧರರು ಹುಟ್ಟುತ್ತಲೇ ಇರಲಿಲ್ಲ.

2004ರಲ್ಲಿ ತುಮಕೂರಿಗೇ ವಿಶ್ವವಿದ್ಯಾಲಯ ಬಂತು. ಮದ್ರಾಸು, ಮೈಸೂರು, ಬೆಂಗಳೂರು ಸುತ್ತಿಬಂದ ಪದವಿ ಪರೀಕ್ಷೆ ಹೆಬ್ಬೂರಿನಿಂದ ಒಂದು ಬಸ್ಸಿನ ದೂರಕ್ಕೆ ಬಂದು ನಿಂತಿತು. ವರ್ಷಕ್ಕೊಂದು ಪರೀಕ್ಷೆ ಹೋಗಿ ಸೆಮಿಸ್ಟರಿಗೊಂದು ಆಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೊಸ ಪಠ್ಯಕ್ರಮ ಬಂತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಣ್ಣ ಓದಿದ ನೋಟ್ಸು ತಂಗಿಗೆ ಬರುವುದಿಲ್ಲ ಎಂಬ ಸ್ಥಿತಿ. ಹಳ್ಳಿಯ ಮನೆಗಳಲ್ಲಿ ನೋಟ್ಸು ಕೈಯಿಂದ ಕೈಗೆ ಹೋಗುವ ಆಸ್ತಿ. ನೀತಿ ಬದಲಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಈ ತಲೆಮಾರು ಕಂಡ ಪೆಟ್ಟುಗಳೂ ಸಣ್ಣವಲ್ಲ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಮಾರ್ಚ್ 21ರ ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಇಟ್ಟ ಮರುಪರೀಕ್ಷೆಯ ಪತ್ರಿಕೆಯೂ ಸೋರಿ ಅದೂ ರದ್ದಾಯಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ತಪ್ಪು ಮಾಡದ ಲಕ್ಷಾಂತರ ಮಕ್ಕಳು ಒಂದೇ ವಿಷಯಕ್ಕೆ ಮತ್ತೆ ಮತ್ತೆ ಓದಿ ಕೂರಬೇಕಾಯಿತು. 2020ರಲ್ಲಿ ಕೊರೊನಾ ಬಂದಾಗ ಪಿಯುಸಿ ಇಂಗ್ಲಿಷ್ ಪರೀಕ್ಷೆಯೊಂದು ಮಾರ್ಚ್ 23ರಿಂದ ಜೂನ್ 18ಕ್ಕೆ ಹೋಯಿತು. ಪದವಿಯಲ್ಲಿ ಅಂತಿಮ ವರ್ಷದವರನ್ನು ಬಿಟ್ಟು ಉಳಿದವರನ್ನು ಪರೀಕ್ಷೆಯಿಲ್ಲದೆ ಮುಂದಿನ ತರಗತಿಗೆ ಕಳಿಸಲಾಯಿತು.

ಇಂದು ಹೆಬ್ಬೂರು ಸುತ್ತಿನ ಹುಡುಗಿಯೊಬ್ಬಳ ಪರೀಕ್ಷೆಯ ದಿನ ಹೀಗೆ ಸಾಗುತ್ತದೆ. ಬೆಳಿಗ್ಗೆ ಎದ್ದು ಡೇರಿಗೆ ಹಾಲು ಹಾಕಿ ಬರಬೇಕು. ಬೇಸಿಗೆಯಾದರೆ ಮನೆ ಮುಂದೆ ಹುಣಸೆಹಣ್ಣಿನ ರಾಶಿ, ಕುಟ್ಟಿ ಬೀಜ ಬಿಡಿಸಲು ಅಮ್ಮನಿಗೆ ಒಂದು ಕೈ ಬೇಕು. ಹತ್ತು ಗಂಟೆಯ ಪೇಪರಿಗೆ ಎಂಟಕ್ಕೆ ಮುಂಚೆಯೇ ಬಸ್ ಹಿಡಿಯಬೇಕು, ತುಮಕೂರಿಗೋ ಕುಣಿಗಲ್ಲಿಗೋ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಅವಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿದೆ. ಸೀಟಿನ ಖಾತ್ರಿ ಇಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಮೊಬೈಲಿನ ಪಿಡಿಎಫ್ ಸರಿಸುತ್ತಾ ನಿಂತೇ ಓದುತ್ತಾಳೆ. ಕಾಲೇಜಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ‘ಇಂಪಾರ್ಟೆಂಟ್ ಕೊಶ್ಚನ್ಸ್’ ಹಾಳೆಗೆ ನೂಕುನುಗ್ಗಲು. ಹಾಲ್ ಟಿಕೆಟನ್ನು ಹೆಬ್ಬೂರಿನ ಗುಡಿಯ ಕಾಮಾಕ್ಷಿ ಶಾರದಾಂಬೆಯ ಮುಂದೆ ಇಟ್ಟು ತಂದವರೂ ಆ ಗುಂಪಿನಲ್ಲಿರುತ್ತಾರೆ. ಸಂಜೆ ಮನೆಗೆ ಬಂದರೆ ಟಿವಿ, ನೆಂಟರು, ಅಡುಗೆ. ಒಂದೇ ಕೋಣೆಯ ಮನೆಯಲ್ಲಿ ನಾಳೆಯ ಪೇಪರಿಗೆ ಓದಲು ಮೂಲೆಯೊಂದೂ ಇರುವುದಿಲ್ಲ.

ಓದುವ ಜಾಗದ ಮಟ್ಟಿಗೆ ವಾರಾನ್ನದ ಕಾಲಕ್ಕೂ ಈ ಕಾಲಕ್ಕೂ ಅಂಥ ದೊಡ್ಡ ಅಂತರವಿಲ್ಲ. ಆ ಜಾಗ ಒದಗಿಸಲು ಹೊಸ ಕಟ್ಟಡ ಹುಡುಕಬೇಕಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಪರೀಕ್ಷೆಯ ತಿಂಗಳುಗಳಲ್ಲಿ ಅವನ್ನು ರಾತ್ರಿ ಹತ್ತರವರೆಗೆ ತೆರೆದಿಡಲು ಬೇಕಾಗುವುದು ಒಬ್ಬ ಮೇಲ್ವಿಚಾರಕರ ಸಂಬಳ, ಒಂದಷ್ಟು ಕುರ್ಚಿ, ಕರೆಂಟು ಹೋದಾಗ ಉರಿಯುವ ದೀಪ, ಮತ್ತು ಹೆಣ್ಣುಮಕ್ಕಳು ಮನೆ ಸೇರುವವರೆಗೆ ಊರವರ ಜವಾಬ್ದಾರಿ. ಹೆಬ್ಬೂರು ಮತ್ತು ಸುತ್ತಲಿನ ಪಂಚಾಯಿತಿಗಳು ಮುಂದಿನ ಸೆಮಿಸ್ಟರ್ ಪರೀಕ್ಷೆಗೆ ಮುಂಚೆಯೇ ಇದನ್ನು ಗ್ರಾಮಸಭೆಯಲ್ಲಿಟ್ಟು ತೀರ್ಮಾನಿಸಲಿ.